ಮಡುವಿನ ದಾರಿ

ನದಿ ಇರುವ ಊರಿನವರಿಗೆಲ್ಲ ಇಂಥದೊಂದು ಸಂಗತಿ ಗೊತ್ತಿರುತ್ತದೆ. ಗೊತ್ತಿದ್ದರೂ ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ಒಂದು ಸಲ ಕೇಳಿ.

ಊರಿನ ನಡುವೆ ನದಿ ಹರಿಯುತ್ತಿತ್ತು. ಯಾವ ಮಹಡಿಯ ಕಿಟಕಿ ತೆರೆದರೂ ಕಾಣುವ ನದಿ. ಆದರೆ ಇಳಿದುಹೋಗಿ ಕಾಲು ನೆನೆಸೋಣವೆಂದರೆ ದಾರಿ ಹುಡುಕಬೇಕು. ಈ ಕಡೆ ಮರದ ಅಡ್ಡೆಯ ಗೋಡೆ, ಆ ಕಡೆ ಹೊಸ ಬಂಗಲೆಯ ಕಾಂಪೌಂಡು, ಅದರಾಚೆ ಹಣ್ಣಿನ ತೋಟದ ತಂತಿಬೇಲಿ. ಹರಿಯುವ ನೀರನ್ನು ದೇವರು ಎಲ್ಲರಿಗೂ ಎಂದು ಕೊಟ್ಟ. ನೀರಿನವರೆಗಿನ ನೆಲವನ್ನು ಮನುಷ್ಯರು ತಮ್ಮತಮ್ಮಲ್ಲಿ ಹಂಚಿಕೊಂಡರು. ಹಂಚಿಕೊಂಡಿದ್ದು ತಪ್ಪೆಂದು ಹೇಳಲಾಗದು. ಬೇಲಿ ಹಾಕಿದವರಿಗೂ ಅವರವರ ಸಂಕಟ ಇರುತ್ತದೆ. ಆದರೆ ಗಾಳದ ಕೋಲು ಹಿಡಿದು ನಿಂತವನು ಎಲ್ಲಿಗೆ ಹೋಗಬೇಕು?

ಆ ಊರಿನ ಗಾಳದವರಿಗೆ ಉಳಿದಿದ್ದು ಎರಡೇ ಜಾಗ. ಒಂದು, ಸೇತುವೆಯ ಕೆಳಗಿನ ಕಡಿದಾದ ಮೆಟ್ಟಿಲು. ರಜೆಯ ದಿನ ಅಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟ ಹಾಗೆ ಜನ ಸಾಲಾಗಿ ಕೂತಿರುತ್ತಿದ್ದರು. ಒಬ್ಬನ ದಾರ ಇನ್ನೊಬ್ಬನ ದಾರಕ್ಕೆ ಸುತ್ತಿಕೊಂಡು ಮೀನಿಗಿಂತ ಜಗಳವೇ ಹೆಚ್ಚು ಸಿಗುತ್ತಿತ್ತು. ಇನ್ನೊಂದು, ಹಣ್ಣಿನ ತೋಟದ ಬುಡದಲ್ಲಿ ನೀರಿನಂಚಿಗೇ ಸಾಗುವ ಸಮತಟ್ಟಾದ ಕಾಲುದಾರಿ. ನೆಲ ತೋಟದವರದು. ಆದರೂ ತಾತನ ಕಾಲದಿಂದ ಜನ ಅಲ್ಲಿ ಓಡಾಡುತ್ತಿದ್ದರು, ಯಾರೂ ಬೇಡವೆಂದಿರಲಿಲ್ಲ. ಆ ದಾರಿ ಒಂದು ಸಣ್ಣ ಕಬ್ಬಿಣದ ಗೇಟಿನ ಹತ್ತಿರ ಮುಗಿಯುತ್ತಿತ್ತು. ಗೇಟಿನಾಚೆ ನದಿ ಮೈ ತಿರುಗಿಸಿ ಮಡುವಾಗಿತ್ತು. ಕಪ್ಪನೆಯ ನೀರು, ಸದ್ದಿಲ್ಲದ ನೀರು, ಧ್ಯಾನಕ್ಕೆ ಕೂತಂಥ ನೀರು. ದೊಡ್ಡ ಮೀನುಗಳೆಲ್ಲ ಅಲ್ಲೇ ಎಂದು ಊರಿಗೆಲ್ಲ ಗೊತ್ತು. ಗೇಟಿನ ಮೇಲೆ ‘ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ ಎಂಬ ಬೋರ್ಡಿತ್ತು. ಓದಿದವರೆಲ್ಲ ಕೊನೆಯ ಮಾತನ್ನಷ್ಟೇ ಓದಿಕೊಂಡು ಹಿಂತಿರುಗುತ್ತಿದ್ದರು.

ಆ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಬೀರುವಿನಷ್ಟಗಲದ ಅಂಗಡಿ. ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿದು ಕೂತನೆಂದರೆ ಎದುರಿಗೆ ಮದ್ದಳೆ ಬಾರಿಸಿದರೂ ತಲೆ ಎತ್ತುತ್ತಿರಲಿಲ್ಲ. ಅಷ್ಟು ತಾಳ್ಮೆಯ ಮನುಷ್ಯ. ಆದರೆ ಷಡ್ಡಕನ ಹೆಸರು ಕಿವಿಗೆ ಬಿದ್ದರೆ ಆ ತಾಳ್ಮೆ ಎಲ್ಲಿ ಹೋಗುತ್ತಿತ್ತೋ, ಆ ದೇವರಿಗೇ ಗೊತ್ತು.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಮುಂದಿನ ಬೀದಿಯಲ್ಲಿ ಅವನದು ಬೇಕರಿ. ಇಬ್ಬರಿಗೂ ಒಂದೇ ಚಪಲ, ಗಾಳದ್ದು. ಇಬ್ಬರಿಗೂ ಹುಚ್ಚು ಹಿಡಿಸಿದವರು ಮಾವನೇ. ಮಾವ ಒಂದು ಕಾಲದಲ್ಲಿ ದೋಣಿ ನಡೆಸುತ್ತಿದ್ದವರು. ಈಗ ಮಂಡಿ ನೋವು. ಹಿರಿಯ ಮಗಳ ಮನೆಯಲ್ಲಿ, ಅಂದರೆ ಗಡಿಯಾರದವನ ಮನೆಯಲ್ಲಿ ಇದ್ದರು. ಸೇತುವೆಯ ಮೆಟ್ಟಿಲು ಇಳಿಯಲು ಅವರಿಗೆ ಆಗದು. ತೋಟದ ಕೆಳಗಿನ ಆ ಕಾಲುದಾರಿಯಲ್ಲಿ ಮಾತ್ರ ಕೋಲೂರಿಕೊಂಡು ನಿಧಾನಕ್ಕೆ ಹೋಗಿ, ನೀರಿನ ಪಕ್ಕ ಕೂತು, ದಾರಕ್ಕೆ ಕಟ್ಟಿದ ಬೆಂಡು ಮುಳುಗುವುದನ್ನೇ ನೋಡುತ್ತ ದಿನ ಕಳೆಯುತ್ತಿದ್ದರು. ಮೀನು ಸಿಕ್ಕಿದರೂ ಸರಿ, ಬಿಟ್ಟರೂ ಸರಿ. ಮನೆಗೆ ಬರುವಾಗ ಅವರ ಮುಖ ಪೂಜೆ ಮುಗಿಸಿ ಎದ್ದವರ ಮುಖದ ಹಾಗಿರುತ್ತಿತ್ತು.

ಕೆಲವು ತಿಂಗಳಿಂದ ಬೇಕರಿಯವನ ಗಾಳಕ್ಕೆ ಮೊಳದುದ್ದದ ಮೀನುಗಳು ಬೀಳತೊಡಗಿದ್ದವು. ವಾರ ತಪ್ಪದೆ ಒಂದು ಮೀನು. ವಾರ ತಪ್ಪದೆ ಅದರಲ್ಲೊಂದು ಪಾಲು, ತಟ್ಟೆ ಮುಚ್ಚಿದ ಡಬರಿಯಲ್ಲಿ ಅಕ್ಕನ ಮನೆಗೆ ಬರುತ್ತಿತ್ತು.

"ರೀ, ನೋಡಿ ಬನ್ನಿ, ಎಂಥಾ ಮೀನು. ಬಾಣಲೆಗೇ ಹಿಡಿಸ್ತಿಲ್ಲ," ಎಂದು ಹೆಂಡತಿ ಒಳಗಿನಿಂದ ಕರೆದಳು.

"ಬಾಣಲೆ ಚಿಕ್ಕದು," ಎಂದ ಗಡಿಯಾರದವನು.

"ಬಾಣಲೆ ನಮ್ಮ ಮದುವೇದು. ಇಷ್ಟು ವರ್ಷ ನೀವು ತಂದಿದ್ದಕ್ಕೆಲ್ಲ ದೊಡ್ಡದೇ ಆಗಿತ್ತು."

ಮಾವ ಬಾಗಿಲ ಹತ್ತಿರ ಕೂತು ನಕ್ಕರು. ಗಡಿಯಾರದವನು ನಗಲಿಲ್ಲ. ಊಟಕ್ಕೆ ಕೂತಾಗ ಎಲ್ಲರೂ ಮುಳ್ಳು ತೆಗೆದು ತಿಂದರು. ಅವನಿಗೆ ಮಾತ್ರ ಕಾಣದ ಮುಳ್ಳೊಂದು ಎದೆಯಲ್ಲೇ ಉಳಿಯಿತು. ತಿನ್ನದೆ ಏಳೋಣವೆಂದರೆ ಮೀನು ಬಲು ರುಚಿಯಾಗಿತ್ತು. ಅದೂ ಒಂದು ಸಿಟ್ಟು.

ಎಲ್ಲಿ ಸಿಗುತ್ತಿದೆ ಎಂದು ಕೇಳಿದರೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ಅಲ್ಲೇ ಇರುವುದು ತೊಡಕು. ಗಾಳದವರಲ್ಲಿ ಒಂದು ಕಟ್ಟುಪಾಡಿದೆ. ಎಲ್ಲಿ ಸಿಕ್ಕಿತು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಕೇಳಿದರೆ ‘ನೀರಲ್ಲಿ’ ಎಂಬ ಉತ್ತರ ಬರುತ್ತದೆ, ಕೇಳಿದವನು ಪೆಚ್ಚಾಗುತ್ತಾನೆ. ಜಾಗದ ಗುಟ್ಟು ಅವರವರದು. ಹೆಂಡತಿಗೂ ಹೇಳುವುದಿಲ್ಲ, ಅಣ್ಣತಮ್ಮನಿಗೂ ಹೇಳುವುದಿಲ್ಲ. ಹಾಗಾಗಿ ಗಡಿಯಾರದವನು ಕೇಳಲಿಲ್ಲ. ಕೇಳುವ ಬದಲು ಹಿಂಬಾಲಿಸಿದ.

ಬೇಕರಿಯವನಿಗೆ ಒಲೆಯ ಕೆಲಸ ಮುಗಿಯುವುದೇ ಬೆಳಗಾಗುವ ಹೊತ್ತಿಗೆ. ಒಂದು ಮುಂಜಾನೆ ಅವನು ತಲೆಗೂದಲಿಗೆ ಅಂಟಿದ ಹಿಟ್ಟನ್ನೂ ಕೊಡವಿಕೊಳ್ಳದೆ ಕೋಲು ಹಿಡಿದು ಹೊರಟ. ಗಡಿಯಾರದವನು ದೂರದಿಂದ ಹಿಂದೆ ಬಿದ್ದ. ಕಾಲುದಾರಿ ಮುಗಿಯಿತು. ಷಡ್ಡಕ ನಿಲ್ಲಲಿಲ್ಲ. ಸೀದಾ ಗೇಟಿನ ಅಗುಳಿ ಎತ್ತಿ, ಒಳಗೆ ಹೋಗಿ, ತಿರುಗಿ ನಿಂತು ಅಗುಳಿಯನ್ನು ಜೋಪಾನವಾಗಿ ಇಳಿಸಿದ. ಮರಗಳ ಸಂದಿಯಲ್ಲಿ ಮೇಕೆಗಳಿಗೆ ಸೊಪ್ಪು ಹಾಕುತ್ತಿದ್ದ ತೋಟದಮ್ಮ ತಲೆ ಎತ್ತಿ ನೋಡಿದಳು. ಬೈಯಲಿಲ್ಲ. ಕೈ ಎತ್ತಿ, ಮನೆಯವರನ್ನು ಕರೆದ ಹಾಗೆ ಕರೆದಳು. ಬೇಕರಿಯವನು ಚೀಲದಿಂದ ಬಿಸಿ ಬನ್ನೊಂದನ್ನು ತೆಗೆದು ಕೊಟ್ಟ. ಇಬ್ಬರೂ ನಗುತ್ತಿದ್ದರು.

ಗಡಿಯಾರದವನ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಗಾಳ ಹಾಕಲು ಅವನದೂ ಮೀನುಗಾರಿಕೆ ಕಚೇರಿಯ ಪರವಾನಗಿ, ನನ್ನದೂ ಅದೇ. ಅವನೂ ಅದೇ ಮಾವನ ಅಳಿಯ, ನಾನೂ ಅದೇ ಮಾವನ ಅಳಿಯ, ಅದರಲ್ಲೂ ಹಿರಿಯ. ಒಂದು ಬನ್ನಿಗೆ ಮಡುವೇ ಸಿಗುವುದಾದರೆ ನ್ಯಾಯ ಎಲ್ಲಿದೆ?

ಮಾರನೆಯ ದಿನ ತಾನೇ ಕೋಲು ಹಿಡಿದು ಗೇಟಿನವರೆಗೆ ಹೋದ. ಅಗುಳಿಯ ಮೇಲೆ ಕೈ ಇಟ್ಟ. ತೋಟದಮ್ಮ ದೂರದಲ್ಲಿ ಕಾಣುತ್ತಿದ್ದಳು. ಕೂಗಿ ಕೇಳಿದರೆ ಬಿಡುತ್ತಾಳೇನೋ. ಆದರೆ ಮೊದಲು ‘ನೀನು ಯಾರಪ್ಪ’ ಎಂದು ಕೇಳುತ್ತಾಳೆ. ಆಗ ಏನು ಹೇಳಬೇಕು? ‘ನಾನು ಬೇಕರಿಯವನ ಷಡ್ಡಕ’ ಎನ್ನಬೇಕು. ಆ ಮಾತು ನಾಲಿಗೆಯ ತುದಿಯವರೆಗೂ ಬಂದು ಕಹಿಯಾಯಿತು. ಕೈ ತೆಗೆದ. ವಾಪಸ್ಸು ಬಂದ.

ಹೊಟ್ಟೆಕಿಚ್ಚು ಮೊದಲು ಸುಡುವುದು ತಾನಿರುವ ಮನೆಯನ್ನೇ. ತನಗೆ ಬೇಕಾದ ವಸ್ತು ಕೈಗೆಟುಕುವಷ್ಟು ಹತ್ತಿರವಿದ್ದರೂ ಅದನ್ನು ಎರಡನೆಯವನಾಗಿ ಮುಟ್ಟಲು ಬಿಡುವುದಿಲ್ಲ.

ಸ್ವಲ್ಪ ದಿನಕ್ಕೆ ತೋಟದಮ್ಮನೇ ಅಂಗಡಿಗೆ ಬಂದಳು, ನಿಂತುಹೋದ ಗೋಡೆ ಗಡಿಯಾರವನ್ನು ಸೆರಗಿನಲ್ಲಿ ಸುತ್ತಿಕೊಂಡು. ಗಡಿಯಾರದವನು ಹಿಂಬದಿ ಬಿಚ್ಚಿ ಧೂಳು ಊದಿದ. ಊದುತ್ತಲೇ, ಯಾವುದೋ ಹಾರಿಹೋಗುವ ಮಾತಿನ ಹಾಗೆ ಹೇಳಿದ:

"ಅಮ್ಮಾ, ನಿಮ್ಮ ತೋಟದಲ್ಲಿ ಗಾಳದವರ ಓಡಾಟ ಜಾಸ್ತಿ ಆಗಿದೆಯಂತಲ್ಲ."

"ಜಾಸ್ತಿ ಎಲ್ಲಿ? ಬೇಕರಿಯವನು ಬರ್ತಾನೆ. ಒಳ್ಳೆ ಹುಡುಗ."

"ಒಳ್ಳೆಯವನೇ. ನನಗೆ ಷಡ್ಡಕ ಆಗಬೇಕು, ನಾನು ಕೆಟ್ಟದಾಗಿ ಯಾಕೆ ಹೇಳಲಿ? ಆದರೆ ಒಬ್ಬ ಹೊಕ್ಕ ಅಂದರೆ ಹತ್ತು ಜನಕ್ಕೆ ಬಾಯಿಂದ ಬಾಯಿಗೆ ಹೋಗುತ್ತೆ. ಆಮೇಲೆ ದಾರ ಬಿಟ್ಟು ಹೋಗೋರು, ಗಾಳದ ಮುಳ್ಳು ಬಿಟ್ಟು ಹೋಗೋರು. ನಿಮ್ಮ ಮೇಕೆ ಮೇಯೋ ಜಾಗ ಅಲ್ವಾ, ಅದಕ್ಕೆ ಹೇಳಿದೆ."

ತೋಟದಮ್ಮನ ಮುಖ ಬಿಳುಚಿಕೊಂಡಿತು. ಹಿಂದೆ ಒಮ್ಮೆ ಅವಳ ಮೇಕೆಯೊಂದು ಹುಲ್ಲಿನ ಜೊತೆ ಯಾರೋ ಬಿಸಾಕಿದ್ದ ಗಾಳವನ್ನು ನುಂಗಿ, ಗಂಟಲು ಹರಿದುಕೊಂಡು ಅವಳ ಮಡಿಲಲ್ಲೇ ಪ್ರಾಣ ಬಿಟ್ಟಿತ್ತು. ಆ ಬೋರ್ಡು ಹಾಕಿಸಿದ್ದೂ ಆಮೇಲೆಯೇ. ಗಡಿಯಾರದವನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡಿದ್ದ, ಸರಿಯಾದ ಅಳತೆಯ ಸ್ಕ್ರೂ ಆರಿಸುವ ಹಾಗೆ.

ಅದೇ ವಾರ ಗೇಟಿಗೆ ಸರಪಳಿ ಬಿತ್ತು, ಬೀಗ ಬಿತ್ತು. ಸುದ್ದಿ ಕೇಳಿದ ರಾತ್ರಿ ಗಡಿಯಾರದವನು ಮಗುವಿನ ಹಾಗೆ ನಿದ್ದೆ ಮಾಡಿದ. ಬೆಳಗ್ಗೆ ಎದ್ದು ನೋಡಿದರೆ ಬೀಗ ಗೇಟಿಗಷ್ಟೇ ಅಲ್ಲ. ತೋಟದಮ್ಮ ಕೂಲಿಯವರನ್ನು ಕರೆಸಿ ತಂತಿಯನ್ನು ನೀರಿನ ಅಂಚಿನವರೆಗೂ ಎಳೆಸಿದ್ದಳು. ಕೆಳಗಿನ ಕಾಲುದಾರಿ ಬಾಯಲ್ಲೇ ಮುಚ್ಚಿಹೋಗಿತ್ತು.

ಮಾವ ಎಂದಿನಂತೆ ಕೋಲೂರಿಕೊಂಡು ಹೋದವರು ಬೇಗನೆ ಹಿಂತಿರುಗಿದರು. ಜಗಲಿಯ ಮೇಲೆ ಕೂತರು. ಗಾಳದ ಕೋಲು ಗೋಡೆಗೆ ಒರಗಿತ್ತು.

"ಯಾಕಪ್ಪಾ, ಇಷ್ಟು ಬೇಗ?" ಎಂದಳು ಮಗಳು.

"ಬೇಲಿ ಹಾಕಿದ್ದಾರಮ್ಮ."

"ಯಾರು? ಯಾಕೆ?"

"ಯಾರಿಗೆ ಗೊತ್ತು. ಅವರ ನೆಲ." ಬಾಗಿಲಲ್ಲಿ ನಿಂತಿದ್ದ ಗಡಿಯಾರದವನ ಕಡೆ ತಿರುಗಿ ಹೇಳಿದರು, "ಅಳಿಯಂದ್ರೇ, ಆ ಮೆಟ್ಟಿಲು ಇಳಿಯೋಕೆ ಆಗುತ್ತಾ ಅಂತ ನೋಡಿ ಬಂದೆ. ಆಗಲ್ಲ. ಹೋಗಲಿ ಬಿಡಿ. ಇಲ್ಲಿಂದಲೂ ಸೇತುವೆ ಕಾಣುತ್ತಲ್ಲ."

ಸೇತುವೆ ಕಾಣುತ್ತಿತ್ತು, ನೀರು ಕಾಣುತ್ತಿರಲಿಲ್ಲ. ದಿನ ಕಳೆದಂತೆ ಮುದುಕರ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಇತ್ತ ಮೆಟ್ಟಿಲ ಮೇಲೆ ಗಾಳದವರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂರುವಂತಾಗಿ, ಬೇಕರಿಯವನನ್ನೇ ಆಡಿಕೊಳ್ಳತೊಡಗಿದರು. ಅವನು ಒಬ್ಬನೇ ಒಳಗೆ ಹೋಗಿ ಬಾಚಿಕೊಂಡು, ಆ ಹೆಂಗಸಿಗೆ ಸಿಟ್ಟು ಬರಿಸಿ, ಎಲ್ಲರ ದಾರಿಗೂ ಕಲ್ಲು ಹಾಕಿದ ಎಂದರು. ಬೇಕರಿಯವನು ಎದುರಾಡಲಿಲ್ಲ. ತಟ್ಟೆ ಮುಚ್ಚಿದ ಡಬರಿ ಅಕ್ಕನ ಮನೆಗೆ ಬರುವುದು ನಿಂತಿತು. ಷಡ್ಡಕ ಬೈಸಿಕೊಂಡಾಗ ಹಿತವಾಗಬೇಕಿತ್ತು. ಆಗಲಿಲ್ಲ. ಗಡಿಯಾರದವನ ಕೈಯಿಂದ ಸ್ಕ್ರೂಗಳು ಜಾರಿ ಬೀಳತೊಡಗಿದವು.

ಆ ಹೊತ್ತಿಗೆ ಒಂದು ಮಧ್ಯಾಹ್ನ ಮೀನುಗಾರಿಕೆ ಕಚೇರಿಯ ಮೇಡಂ ಕೈಗಡಿಯಾರದ ಪಟ್ಟಿ ಬದಲಿಸಲು ಬಂದರು. ಊರಿನ ಗಾಳದವರಿಗೆ ಪರವಾನಗಿ ಕೊಡುವವರು ಅವರೇ. ಸ್ಟೂಲಿನ ಮೇಲೆ ಕೂತು ಬೀದಿ ನೋಡುತ್ತಿದ್ದರು. ಗಡಿಯಾರದವನಿಗೆ ತಡೆಯಲಾಗಲಿಲ್ಲ.

"ಮೇಡಂ, ಒಂದು ಮಾತು. ನದಿ ಯಾರದು?"

"ನಿಮ್ಮದು, ನಮ್ಮದು, ಎಲ್ಲರದು."

"ಪರವಾನಗಿ ಕೊಟ್ಟವರು?"

"ನಾವೇ."

"ಮತ್ತೆ ಬೇಲಿ ಹಾಕೋಕೆ ಆಯಮ್ಮ ಯಾರು? ಪರವಾನಗಿ ಜೇಬಲ್ಲಿಟ್ಟುಕೊಂಡು ನಾವು ತಂತಿ ಹಾರಿ ಹೋದರೆ ಏನು ತಪ್ಪು?"

ಮೇಡಂ ನಕ್ಕರು. "ಗಡಿಯಾರದವರೇ, ನಿಮಗೆ ರಿಪೇರಿ ಬರುತ್ತೆ ಅಂತ ಯಾರ ಮನೆಯ ಗಡಿಯಾರ ನಿಂತರೂ ಬಾಗಿಲು ತಳ್ಳಿಕೊಂಡು ಒಳಗೆ ಹೋಗ್ತೀರಾ?"

"ಅದು ಹೇಗೆ ಹೋಗಲಿ? ಅವರು ಕರೀಬೇಕು."

"ಇದೂ ಹಾಗೇ. ಪರವಾನಗಿ ಇರೋದು ಮೀನು ಹಿಡಿಯೋಕೆ. ದಡದಲ್ಲಿ ನಿಲ್ಲೋದು ಬೇರೆ ಮಾತು. ಆ ದಡಕ್ಕೆ ಹೋಗೋಕೆ ಇನ್ನೊಬ್ಬರ ನೆಲ ತುಳಿಯೋದು ಮತ್ತೂ ಬೇರೆ ಮಾತು. ಮೂರನ್ನೂ ಒಂದೇ ಅಂದ್ಕೊಂಡೇ ನೀವೆಲ್ಲ ಜಗಳ ಆಡೋದು."

"ಹಾಗಾದರೆ ಅವರು ಬೇಲಿ ಹಾಕಿದ್ದು ಸರಿ ಅಂತೀರಾ?"

"ನಾನು ಹಾಗೂ ಹೇಳಲಿಲ್ಲ. ಆ ಕೆಳಗಿನ ಕಾಲುದಾರಿ ಇದೆಯಲ್ಲ, ಅದು ಹಳೇದು. ಎಲ್ಲರೂ ಹಾಡಹಗಲಲ್ಲಿ, ಯಾರ ಅಡ್ಡಿಯೂ ಇಲ್ಲದೆ, ತುಂಬಾ ಕಾಲದಿಂದ ನಡೆದ ದಾರಿಗೆ ಬೆಲೆ ಇರುತ್ತೆ. ನೀರಿನಂಚಿನ ನೆಲಕ್ಕೂ ಕೆಲವು ಕಡೆ ಬೇರೆ ನಿಯಮ ಇರುತ್ತೆ. ಒಂದೊಂದು ಕಡೆ ಒಂದೊಂದು ಥರ. ಅದಕ್ಕೇ ಮೊದಲು ಕಚೇರಿಗೆ ಬಂದು ಕೇಳಬೇಕು, ಹಳಬರನ್ನ ಕರ್ಕೊಂಡು ಬಂದು ‘ನಾವು ಇಲ್ಲಿ ನಡೀತಿದ್ದೆವು’ ಅಂತ ಹೇಳಿಸಬೇಕು. ನಿಮ್ಮ ಪೈಕಿ ಒಬ್ಬರಾದರೂ ಬಂದ್ರಾ?"

"ಇಲ್ಲ."

"ಯಾಕೆ ಬರಲ್ಲ ಗೊತ್ತಾ? ಗಾಳದವರಿಗೆ ಎಲ್ಲವೂ ಗುಟ್ಟು. ಮೀನು ಸಿಕ್ಕ ಜಾಗ ಗುಟ್ಟು, ಸರಿ, ಇರಲಿ. ಅಲ್ಲಿಗೆ ಹೋಗೋ ದಾರೀನೂ ಗುಟ್ಟು ಮಾಡ್ಕೊಂಡ್ರಲ್ಲ. ಒಬ್ಬನಿಗೇ ಗೊತ್ತಿರೋ ದಾರಿ ಮುಚ್ಚಿದರೆ ಕೇಳೋರು ಯಾರು? ಎಲ್ಲರಿಗೂ ಗೊತ್ತಿರೋ ದಾರಿ ಮುಚ್ಚೋಕೆ ಯಾರಿಗೂ ಕೈ ಬರಲ್ಲ."

ಪಟ್ಟಿಯ ಕೊಕ್ಕೆ ಹಾಕುತ್ತಿದ್ದ ಗಡಿಯಾರದವನು ಕೈ ನಿಲ್ಲಿಸಿದ. "ಮತ್ತೆ ಆ ಗೇಟು? ಅದರಾಚೆ ಮಡು?"

"ಅದು ದಾರಿಯಲ್ಲ. ಅದು ಅವರ ತೋಟ. ಅಲ್ಲಿ ಹಕ್ಕು ಅಂತ ನಿಂತರೆ ನಡೆಯಲ್ಲ, ಕೇಳಿ ಹೋಗಬೇಕು. ಆಯಮ್ಮ ಕೆಟ್ಟವರಲ್ಲ. ನಮ್ಮ ಕಚೇರಿಗೆ ಬಂದಿದ್ದಾಗ ಬೇಕರಿಯವನ ವಿಷಯ ಹೇಳಿ ಹೊಗಳಿದ್ರು. ಬೋರ್ಡು ಓದಿ, ಅಪ್ಪಣೆ ಕೇಳೋಕೆ ಬಂದೋನು ಇಷ್ಟು ವರ್ಷದಲ್ಲಿ ಅವನೊಬ್ಬನೇ ಅಂತೆ. ಈಗ ಯಾರೋ ಅವರ ಕಿವಿ ಊದಿದ್ದಾರೆ. ಹೊರಗಿನವರಲ್ಲ, ನಿಮ್ಮ ಗಾಳದವರೇ ಯಾರೋ ಇರಬೇಕು."

"ಇರಬಹುದು," ಎಂದ ಗಡಿಯಾರದವನು. ಗಾಜು ಸಿಕ್ಕಿಸಿಕೊಂಡಿದ್ದ ಕಣ್ಣು ಒದ್ದೆಯಾಗಿ ಏನೂ ಕಾಣದಾಯಿತು.

ಅಂಗಡಿಯ ಬಾಗಿಲೆಳೆದು ಸೀದಾ ಬೇಕರಿಗೆ ಹೋದ. ಒಲೆ ಆರುತ್ತಿತ್ತು. ಷಡ್ಡಕ ತಟ್ಟೆಗಳ ಮೇಲಿನ ಕರಿಯನ್ನು ಕೆರೆಯುತ್ತ ಕೂತಿದ್ದ. ಮೈಯೆಲ್ಲ ಹಿಟ್ಟು, ಮುಖದ ತುಂಬ ನಿದ್ದೆಗೆಟ್ಟ ಕಳೆ.

"ಬನ್ನಿ ಅಣ್ಣ. ಕೂತ್ಕೊಳ್ಳಿ. ಆ ಮೂಟೆ ಮೇಲೆ ಬೇಡ, ಹಿಟ್ಟಾಗುತ್ತೆ."

ಗಡಿಯಾರದವನು ಹಿಟ್ಟಿನ ಮೂಟೆಯ ಮೇಲೇ ಕೂತ. "ತೋಟದಮ್ಮನಿಗೆ ಚಾಡಿ ಹೇಳಿದ್ದು ನಾನು," ಎಂದ.

ಕೆರೆಯುವ ಸದ್ದು ನಿಂತಿತು.

"ನಿನ್ನ ಮೀನು ನೋಡಿ ತಡ್ಕೊಳ್ಳೋಕೆ ಆಗಲಿಲ್ಲ. ನಿನ್ನ ದಾರಿ ಮುಚ್ಚಲಿ ಅಂತ ಹೇಳಿದೆ. ಮಾವನ ದಾರಿ ಮುಚ್ಚಿತು. ಬೈಯೋದಿದ್ದರೆ ಬೈಯಿ, ಕೂತಿದ್ದೀನಿ."

ಬೇಕರಿಯವನು ಕೈಯಲ್ಲಿದ್ದ ತಟ್ಟೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ, "ನನಗೂ ಬೈಯೋಕೆ ಬಾಯಿಲ್ಲ ಅಣ್ಣ. ಮೊದಲನೇ ದಿನವೇ ಆಯಮ್ಮ ಹೇಳಿದ್ರು, ‘ನಿನ್ನ ಹಾಗೆ ಕೇಳಿ ಬರೋರು ಇನ್ನಿಬ್ಬರು ಮೂವರು ಇದ್ದರೆ ಕರ್ಕೊಂಡು ಬಾ, ಮನೆಯವರಿದ್ದರೂ ಕರ್ಕೊಂಡು ಬಾ’ ಅಂತ. ನಾನು ಕರೀಲಿಲ್ಲ."

"ಯಾಕೆ?"

"ನಿಮ್ಮನ್ನ ಕರೆದರೆ ನೀವೇ ಹಿಡೀತೀರಲ್ಲ. ಗಾಳ ಹಿಡಿದು ಕೂತಾಗ ಮಾವ ಯಾವತ್ತೂ ಏನು ಹೇಳೋರು? ‘ಕೈ ಅಂದ್ರೆ ದೊಡ್ಡಳಿಯಂದು, ಹಿಟ್ಟು ನಾದೋ ಕೈಗೆ ಗಾಳ ಒಲಿಯಲ್ಲ.’ ಮದುವೆ ಆದಾಗಿನಿಂದ ಕೇಳ್ಕೊಂಡು ಬಂದಿದ್ದೀನಿ. ಅದಕ್ಕೇ ವಾರವಾರ ಡಬರಿ ಕಳಿಸ್ತಿದ್ದೆ. ನೀವು ತಿನ್ನಲಿ ಅಂತ ಅಲ್ಲ, ನೀವು ನೋಡಲಿ ಅಂತ."

ಗಡಿಯಾರದವನು ತಾನು ಉರಿದಿದ್ದೆಲ್ಲ ತನ್ನೊಬ್ಬನ ಬೆಂಕಿಯಲ್ಲಿ ಎಂದುಕೊಂಡಿದ್ದ. ಆಚೆ ಮನೆಯಲ್ಲೂ ಒಲೆ ಹೊತ್ತಿಕೊಂಡಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೊದಲು ನಾಚಿಕೊಂಡರು. ಆಮೇಲೆ ನಗು ಬಂತು. ಹಿಟ್ಟು ಹಾರುವಷ್ಟು ನಕ್ಕರು.

"ಅಂತೂ ಮೀನಿಗೆ ಗಾಳ ಹಾಕೋದು ಬಿಟ್ಟು ನನಗೇ ಹಾಕಿದೆ," ಎಂದ ಗಡಿಯಾರದವನು.

"ಚೆನ್ನಾಗೇ ಕಚ್ಚಿದ್ರಿ ಅಣ್ಣ."

ಮರುದಿನ ಮಾವನನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕಚೇರಿಗೆ ಹೋದರು. ಹೆಂಡಿರಿಬ್ಬರೂ ಹಿಂದೆ ಬಂದರು. ಮಾವ ದೋಣಿ ಕಟ್ಟುತ್ತಿದ್ದ ಮರದ ಬುಡದಿಂದ ಹಿಡಿದು ಆ ಕಾಲುದಾರಿ ಎಲ್ಲೆಲ್ಲಿ ಬಾಗುತ್ತದೆ, ಎಲ್ಲಿ ಮಳೆಗಾಲದಲ್ಲಿ ಮುಳುಗುತ್ತದೆ, ತೋಟದಮ್ಮನ ಮಾವನೇ ಎಲ್ಲಿ ಕಲ್ಲು ಹಾಸಿಸಿದ್ದರು ಎಂದು ಬಾಯಲ್ಲೇ ನಕ್ಷೆ ಬಿಡಿಸಿದರು. ಮೆಟ್ಟಿಲ ಮೇಲಿನ ಗಾಳದವರಿಗೂ ಸುದ್ದಿ ಹೋಯಿತು. ಹಳಬರು ಒಬ್ಬೊಬ್ಬರೇ ಬಂದು, ತಾವೂ ನಡೆದಿದ್ದಾಗಿ ಹೇಳಿದರು. ಅಳತೆಯವರು ಬಂದು ನೋಡಿದರು. ಕೊನೆಗೆ ಮೇಡಂ ಎಲ್ಲರನ್ನೂ ಕರೆದುಕೊಂಡು ತೋಟದಮ್ಮನ ಅಂಗಳಕ್ಕೆ ಹೋದರು.

ತೋಟದಮ್ಮ ಮೇಕೆಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡೇ ಮಾತಾಡಿದಳು.

"ಕೆಳಗಿನ ದಾರಿ ನಮ್ಮ ಮಾವ ಇದ್ದಾಗಲೂ ಇತ್ತು. ಸುಳ್ಳು ಹೇಳಲಾರೆ. ಆ ತಂತಿ ತೆಗೆಸ್ತೀನಿ. ಭಯಕ್ಕೆ ಹಾಕಿಸಿದೆ, ದ್ವೇಷಕ್ಕಲ್ಲ. ಆದರೆ ಗೇಟು ನನ್ನದು. ಅದರಾಚೆ ನನ್ನ ಮೇಕೆ ಮೇಯುತ್ತೆ. ಅಷ್ಟೂ ಜನ ಒಳಗೆ ಬಂದು, ಒಬ್ಬ ಒಂದು ಮುಳ್ಳು ಬಿಟ್ಟು ಹೋದರೆ ನಾನು ಯಾರನ್ನ ಹಿಡ್ಕೊಳ್ಳಲಿ? ನಿಮ್ಮೆಲ್ಲರ ಪರವಾಗಿ ನನಗೆ ಉತ್ತರ ಕೊಡೋರು ಯಾರು, ಮುಂದೆ ಬನ್ನಿ."

ಯಾರೂ ಅಲುಗಾಡಲಿಲ್ಲ. ಗಾಳದವರು ನೆಲ ನೋಡಿದರು, ಆಕಾಶ ನೋಡಿದರು. ಬೇಕರಿಯವನು ಈಗಾಗಲೇ ಬೈಸಿಕೊಂಡು ಸಾಕಾಗಿ ಎಲ್ಲರ ಹಿಂದೆ ನಿಂತಿದ್ದ.

ಗಡಿಯಾರದವನು ಮುಂದೆ ಬಂದ. ನೋಡಿದವರೆಲ್ಲ ಅವನೇ ಹೊಣೆ ಹೊರುತ್ತಾನೆಂದು ತಿಳಿದರು. ಅವನ ಮನಸ್ಸಿನಲ್ಲೂ ಆ ಆಸೆ ಸುಳಿಯದೆ ಇರಲಿಲ್ಲ. ಊರಿನ ಗಾಳದವರಿಗೆಲ್ಲ ಮುಖಂಡ, ಮಡುವಿನ ಯಜಮಾನ. ಷಡ್ಡಕ ತನ್ನ ಹತ್ತಿರ ಕೇಳಿ ಒಳಗೆ ಹೋಗಬೇಕು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಆ ಆಸೆಯ ಮುಂದೆ ನಿಂತಿದ್ದ.

"ಅಮ್ಮಾ, ನಿಮ್ಮ ಕಿವಿ ಊದಿದವನು ನಾನು. ನನ್ನ ಮಾತು ನಂಬಬೇಡಿ. ನಿಮ್ಮ ಬೋರ್ಡು ಪೂರ್ತಿ ಓದಿ ಬಂದವನು ಹಿಂದೆ ನಿಂತಿದ್ದಾನೆ ನೋಡಿ. ನಮ್ಮೆಲ್ಲರ ಪರವಾಗಿ ಅವನನ್ನ ಕೇಳಿ. ನಾನು ಬೇಕರಿಯವನ ಷಡ್ಡಕ."

ಅಂಗಳದಲ್ಲಿ ಒಂದು ಗುಸುಗುಸು ಎದ್ದು ಅಡಗಿತು. ಹೆಂಡತಿ ಗಂಡನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು.

ತೋಟದಮ್ಮ ಮೇಕೆಮರಿಯ ಬೆನ್ನು ಸವರಿದಳು. "ಸರಿ. ಮಾತಿಗೆ ಬೇಕರಿಯವನು ಇರಲಿ. ಆದರೆ ಬೀಗದ ಕೈ ಅವನಿಗೆ ಕೊಡಲ್ಲ, ನಿನಗೆ ಕೊಡ್ತೀನಿ."

"ನನಗಾ?"

"ಮತ್ತೆ ಯಾರಿಗೆ? ಯಾರು ಯಾವ ಹೊತ್ತಿಗೆ ಹೋದ, ಏನು ತಂದ, ಏನು ಬಿಟ್ಟ, ಇಷ್ಟು ಕಣ್ಣಿಟ್ಟು ನೋಡೋನು ಊರಲ್ಲಿ ನಿನ್ನ ಬಿಟ್ಟು ಇನ್ನೊಬ್ಬನಿಲ್ಲ. ಆ ಕಣ್ಣು ನನ್ನ ಮೇಕೆಗಳಿಗೂ ಸ್ವಲ್ಪ ಉಪಯೋಗಕ್ಕೆ ಬರಲಿ."

ಮೊದಲು ನಕ್ಕವರು ಮಾವ.

ಅಂದಿನಿಂದ ಕೆಳಗಿನ ಕಾಲುದಾರಿ ಎಲ್ಲರಿಗೂ ತೆರೆದಿದೆ. ಗೇಟಿನಾಚೆ ಹೋಗುವವರು ಮೊದಲು ತೋಟದಮ್ಮನಿಗೆ ಹೇಳಿ ಹೋಗುತ್ತಾರೆ. ಅಗುಳಿ ಇಳಿಸುತ್ತಾರೆ. ಹಣ್ಣು ಕೀಳುವ ದಿನ, ಔಷಧಿ ಹೊಡೆಯುವ ದಿನ ಆ ಕಡೆ ಸುಳಿಯುವುದಿಲ್ಲ. ಹೊರಡುವಾಗ ಗಡಿಯಾರದವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ದಡದ ಹುಲ್ಲನ್ನು ಅಂಗುಲ ಅಂಗುಲ ಹುಡುಕುತ್ತಾನೆ. ತುಂಡು ದಾರ ಕಂಡರೂ ಬಿಡುವುದಿಲ್ಲ. ‘ದಂಡಾಧಿಕಾರಿ ಬಂದ್ರು’ ಎಂದು ಉಳಿದವರು ರೇಗಿಸುತ್ತಾರೆ, ಆದರೆ ತಮ್ಮ ಮುಳ್ಳುಗಳನ್ನು ತಾವೇ ಎಣಿಸಿ ಡಬ್ಬಿಗೆ ಹಾಕಿಕೊಳ್ಳುತ್ತಾರೆ.

ಅವನ ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎಂದು ನೀವು ಕೇಳಿದರೆ, ಇಲ್ಲ. ಮೊನ್ನೆ ಕೂಡ ಬೇಕರಿಯವನು ತೊಡೆಯಷ್ಟು ದಪ್ಪದ ಮೀನೊಂದನ್ನು ಎಳೆದು ಹಾಕಿದಾಗ ಗಡಿಯಾರದವನ ಮುಖ ಹುಣಸೆಹಣ್ಣು ತಿಂದಂತಾಯಿತು. ಪಕ್ಕದಲ್ಲೇ ಕೂತಿದ್ದ ಮಾವ ಅದನ್ನು ಕಂಡು, "ಅಳಿಯಂದ್ರೇ, ನಿಮ್ಮ ಬೆಂಡು ಮುಳುಗಿ ಆಗಲೇ ಎಷ್ಟು ಹೊತ್ತಾಯ್ತು, ನೀವು ಅವನ ಕಡೆ ನೋಡ್ತಿದ್ದೀರಿ," ಎಂದರು. ತಿರುಗಿ ನೋಡುವಷ್ಟರಲ್ಲಿ ಎರೆಹುಳು ಹೋಗಿತ್ತು, ಮೀನೂ ಹೋಗಿತ್ತು.

ಗಾಳ ಹಿಡಿಯುವ ಅಣ್ಣಂದಿರೇ, ತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಊರಿನ ನದಿಯ ಪಕ್ಕದಲ್ಲೂ ಯಾರದೋ ತೋಟವಿರುತ್ತದೆ, ಯಾರದೋ ಗದ್ದೆಯಿರುತ್ತದೆ. ಜೇಬಿನಲ್ಲಿರುವ ಪರವಾನಗಿ ಮೀನಿಗೆ ಸಾಕು, ನೆಲಕ್ಕೆ ಸಾಲದು ಎಂಬುದನ್ನು ಮರೆಯಬೇಡಿ. ನಿಮ್ಮ ಕಡೆ ದಡದ ನಿಯಮ ಏನಿದೆ, ಹಳೆಯ ಕಾಲುದಾರಿಗೆ ಯಾವ ರಕ್ಷಣೆ ಇದೆ ಎಂದು ಹತ್ತಿರದ ಕಚೇರಿಗೆ ಹೋಗಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ಆ ದಾರಿಯಲ್ಲಿ ನಡೆದ ಹಿರಿಯರನ್ನು ಕರೆದುಕೊಂಡು ಹೋಗಿ. ಹಕ್ಕಿರುವ ದಾರಿಯಲ್ಲಿ ತಲೆಯೆತ್ತಿ ನಡೆಯಿರಿ. ಹಕ್ಕಿಲ್ಲದ ಕಡೆ ಬೇಲಿ ಹಾರದೆ, ತಂತಿ ಕತ್ತರಿಸದೆ, ಬಾಗಿಲ ಮುಂದೆ ನಿಂತು ಕೇಳಿ. ನೆಲದ ಯಜಮಾನರೂ ಒಂದು ಮಾತು ಕೇಳಿಸಿಕೊಳ್ಳಿ: ಬೇಲಿ ಹಾಕುವ ಮೊದಲು, ಅಲ್ಲಿ ಯಾರ ಪಾದ ಸವೆದಿದೆ ಎಂದು ಒಮ್ಮೆ ಬಗ್ಗಿ ನೋಡಿ.

ಮೀನು ಸಿಗುವ ಜಾಗವನ್ನು ಬೇಕಾದರೆ ಗುಟ್ಟಾಗಿಟ್ಟುಕೊಳ್ಳಿ. ದಾರಿಯನ್ನು ಮಾತ್ರ ಎಲ್ಲರಿಗೂ ಹೇಳಿ. ಪಕ್ಕದವನ ಮೀನಿನ ಮೇಲೆ ಹೊಟ್ಟೆ ಉರಿದರೆ ಉರಿಯಲಿ, ಒಂದು ಗುಟುಕು ನೀರು ಕುಡಿದರೆ ಇಳಿಯುತ್ತದೆ. ಅವನ ದಾರಿಯ ಮೇಲೆ ಉರಿದರೆ, ನಾಳೆ ನಿಮ್ಮ ಮನೆಯ ಮುದುಕರು ನೀರು ಕಾಣದ ಜಗಲಿಯ ಮೇಲೆ ಕೂತಿರುತ್ತಾರೆ.